ಮೂರು ಮೆಟ್ಟಿಲು ಕೆಳಗೆ

ನನ್ನ ತಂಗಿಗೆ ಮೇಲಿನ ‘ಸ’ ಎಟುಕುತ್ತಿರಲಿಲ್ಲ. ಗಂಟಲಲ್ಲಿ ದೋಷವೇನೂ ಇರಲಿಲ್ಲ. ಆ ಸ್ವರ ಹತ್ತಿರ ಬಂತೆಂದರೆ ಹೆದರಿ ಬಾಯಿ ಮುಚ್ಚಿಬಿಡುತ್ತಿದ್ದಳು. ಶಾಲೆಯಲ್ಲಿ ಒಮ್ಮೆ ಹಾಡಿನ ನಡುವೆ ದನಿ ಸೀಳಿತ್ತು, ಎಲ್ಲರೂ ನಕ್ಕಿದ್ದರು, ಇವಳು ವೇದಿಕೆಯಿಂದ ಇಳಿದು ಓಡಿದ್ದಳು. ಆಮೇಲೆ ಐದು ವರ್ಷ ಬಚ್ಚಲಲ್ಲೂ ಹಾಡಿರಲಿಲ್ಲ.

ನರ್ಸಿಂಗ್ ಕಾಲೇಜಿನ ಹಾಡುನಾಟಕಕ್ಕೆ ಅವಳನ್ನು ಎಳೆದು ತಂದವಳು ನಾನೇ. ಅವಳು ಅಲ್ಲಿ ಮೊದಲ ವರ್ಷದಲ್ಲಿ ಓದುತ್ತಿದ್ದಳು. ನನಗೆ ಅದೇ ಕಟ್ಟಡದ ಔಷಧ ಉಗ್ರಾಣದಲ್ಲಿ ಕೆಲಸ. ಸಂಜೆ ತಾಲೀಮಿಗೆ ಕೀಬೋರ್ಡ್ ನುಡಿಸುತ್ತಿದ್ದೆ. ಹಾಡುವವರು ಹನ್ನೊಂದು ಜನ. ಒಬ್ಬರೂ ಮೊದಲು ಹಾಡಿದವರಲ್ಲ. ಮೊದಲ ದಿನ ಎಲ್ಲರೂ ಗೋಡೆಗೆ ಅಂಟಿಕೊಂಡು, ಸೂಜಿ ಚುಚ್ಚಿಸಿಕೊಳ್ಳಲು ಸರದಿ ಕಾಯುವ ಮಕ್ಕಳ ಹಾಗೆ ನಿಂತಿದ್ದರು.

“ಹಾಡ್ಬೇಡಿ,” ಎಂದರು ಹಾಡಿನ ಮೇಷ್ಟ್ರು. “ಬೈಯಿರಿ. ನಿಮ್ಮ ವಾರ್ಡನ್‌ಗೆ ಬೈಯೋ ಹಾಗೆ ಈ ಸಾಲು ಹೇಳಿ.”

“ಸಾರ್, ವಾರ್ಡನ್ ಬಾಗಿಲಲ್ಲೇ ಇದಾರೆ,” ಎಂದಳು ಹಿಂದಿನಿಂದ ಒಬ್ಬಳು.

“ಹಾಗಾದ್ರೆ ನಂಗೇ ಬೈಯಿರಿ. ಮನೇಲಿ ಅಭ್ಯಾಸ ಆಗಿದೆ.”

ನಕ್ಕರು. ಬೈದರು. ಬೈಗುಳವನ್ನು ಸ್ವಲ್ಪ ಎಳೆದಾಗ ಅದು ಹಾಡಿನ ಹತ್ತಿರ ಬಂತು. ಮೇಷ್ಟ್ರು ಹೀಗೆ ಕಲಿಸುತ್ತಿದ್ದರು. ಅವರ ಇನ್ನೊಂದು ಉಪಾಯ ಮಾತ್ರ ಅವರನ್ನೂ ನನ್ನನ್ನೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಎರಡನೇ ವಾರ ಅವರು ನನ್ನ ಪಕ್ಕ ಬಗ್ಗಿ, “ಶ್ರುತಿ ಮೂರು ಮೆಟ್ಟಿಲು ಇಳಿಸಮ್ಮ. ಯಾರ ಹತ್ರಾನೂ ಬಾಯಿ ಬಿಡ್ಬೇಡ,” ಎಂದರು. ಕೀಬೋರ್ಡಿನಲ್ಲಿ ಅದಕ್ಕೊಂದು ಗುಂಡಿ ಇದೆ. ಒಮ್ಮೆ ಒತ್ತಿದರೆ ಇಡೀ ಹಾಡು ಒಂದು ಮೆಟ್ಟಿಲು ಇಳಿಯುತ್ತದೆ. ಬೆರಳು ಹಿಂದಿನ ಜಾಗದಲ್ಲೇ ಓಡುವುದರಿಂದ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಮೂರು ಸಲ ಒತ್ತಿದೆ. ತಂಗಿ ಕಣ್ಣು ಮುಚ್ಚಿಕೊಂಡು ಮೇಲಿನ ‘ಸ’ ಮುಟ್ಟಿದಳು. ಮುಟ್ಟಿ, ಅಲ್ಲೇ ನಿಂತಳು.

ಬಸ್ಸಿನಲ್ಲಿ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. “ಅಕ್ಕಾ, ಕೇಳಿದ್ಯಾ? ನಂಗೆ ಬಂತು ಕಣೇ!”

“ಕೇಳ್ದೆ.”

“ಮತ್ಯಾಕೆ ಮುಖ ಹಾಗಿದೆ? ಹೊಟ್ಟೆಕಿಚ್ಚಾ?”

“ಹ್ಞೂಂ, ಉರಿದು ಹೋಗ್ತಿದೆ,” ಎಂದೆ.

ಯಾವಾಗ ಹೇಳೋಣ ಎಂದು ಮೇಷ್ಟ್ರನ್ನು ಕೇಳಿದೆ. “ಮೊದಲು ಧೈರ್ಯ ಬರ್ಲಿ. ಆಮೇಲೆ ಒಂದೊಂದೇ ಮೆಟ್ಟಿಲು ಏರಿಸಿದ್ರಾಯ್ತು. ಅವ್ರಿಗೆ ಗೊತ್ತೇ ಆಗಲ್ಲ.” ಧೈರ್ಯ ಬಂತು. ಹನ್ನೊಂದು ಜನವೂ ಕಿಟಕಿ ಗಾಜು ನಡುಗುವಷ್ಟು ಜೋರಾಗಿ ಹಾಡತೊಡಗಿದರು. ಏರಿಸಲು ಈಗ ನಮಗೇ ಧೈರ್ಯ ಸಾಲಲಿಲ್ಲ.

ಪ್ರದರ್ಶನ ಭಾನುವಾರ ಮಧ್ಯಾಹ್ನ ಮೂರಕ್ಕೆ. ಮೊದಲ ಹಾಡೇ ತಂಗಿಯದು. ಐದು ನಿಮಿಷ ಇದೆ ಎನ್ನುವಾಗ ನಾನು ಪರದೆಯ ಹಿಂದೆ ಹೋಗಿ ಕೂತೆ. ಸಭಾಂಗಣದ ಕಾವಲುಗಾರ ಬಂದ.

“ಅಮ್ಮಾ, ಬಟ್ಟೆ ಇಸ್ತ್ರಿಗೆ ಅಂತ ನಿಮ್ಮ ಕೀಬೋರ್ಡಿನ ಪ್ಲಗ್ ಕಿತ್ತಿದ್ದೆ. ವಾಪಸ್ ಹಾಕಿದೀನಿ, ಗಾಬರಿ ಆಗ್ಬೇಡಿ.”

ಕರೆಂಟು ಹೋದರೆ ಆ ಯಂತ್ರ ಎಲ್ಲವನ್ನೂ ಮರೆತು ಮೂಲ ಶ್ರುತಿಗೆ ಮರಳುತ್ತದೆ. ಅದರ ಮೇಲೆ ಅಂಕಿ ತೋರಿಸುವ ಡಿಸ್‌ಪ್ಲೇ ಎಂದೋ ಸತ್ತಿತ್ತು. ನುಡಿಸಿ ನೋಡೋಣವೆಂದರೆ ಆಚೆ ಇನ್ನೂರು ಜನ. ನುಡಿಸಿದರೂ ಬರೀ ಕಿವಿಯಿಂದ ಶ್ರುತಿ ಗುರುತಿಸುವ ವಿದ್ಯೆ ನನಗಿಲ್ಲ. ಮೇಷ್ಟ್ರು ಆಗಲೇ ಪ್ರಿನ್ಸಿಪಾಲರ ಪಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದರು. ಕತ್ತಲಲ್ಲಿ ಗುಂಡಿ ತಡವಿ, ತುಟಿ ಅಲ್ಲಾಡಿಸಿ ಎಣಿಸುತ್ತ ಒತ್ತಿದೆ. ಒಂದು, ಎರಡು, ಮೂರು. ನಿಜವಾಗಿ ಮೂರೇನಾ? ಎದೆಬಡಿತವನ್ನೂ ಸೇರಿಸಿ ಎಣಿಸಿಬಿಟ್ಟೆನಾ? ಅಷ್ಟರಲ್ಲಿ ಪರದೆ ಸರಿಯಿತು.

ಮೊದಲ ಸ್ವರ ಬಾವಿಯೊಳಗಿಂದ ಬಂದಂತೆ ಬಂತು.

ತಂಗಿ ಅದನ್ನೇ ಹಿಡಿದು ಹೊರಟಳು. ಸಾಲು ಕೆಳಗಿಳಿದಾಗ ಅವಳ ದನಿ ತಳ ಸಿಗದೆ ಬರೀ ಉಸಿರಾಯಿತು. “ಏನೂ ಕೇಳಿಸ್ತಿಲ್ಲಮ್ಮ!” ಎಂದು ಯಾರೋ ಕೂಗಿದರು. ಸಣ್ಣಗೆ ನಗು ಎದ್ದಿತು. ನಾನು ಮೇಷ್ಟ್ರ ಕಡೆ ನೋಡಿದೆ. ಅವರ ಮುಖ ಸುಣ್ಣವಾಗಿತ್ತು. ತಮ್ಮ ಎದೆ ಮುಟ್ಟಿಕೊಂಡು, ಮೂರು ಬೆರಳು ಎತ್ತಿದರು. ಕಾವಲುಗಾರ ಅವರಿಗೂ ಹೇಳಿದ್ದ. ಅವರೂ ಕದ್ದು ಬಂದು ಒತ್ತಿ ಹೋಗಿದ್ದರು. ಮೂರು ಮತ್ತು ಮೂರು, ಆರು.

ಹೆದರಿದವಳು ಸುಮ್ಮನಿರಬೇಕಿತ್ತು. ನಾನು ಏರಿಸುವ ಗುಂಡಿ ಒತ್ತಿದೆ. ಹಾಡು ಸಾಲಿನ ನಡುವೆಯೇ ಒಂದು ಮೆಟ್ಟಿಲು ಜಿಗಿಯಿತು. ಮತ್ತೆ ಒತ್ತಿದೆ. ಮತ್ತೆ ಜಿಗಿಯಿತು. ತಂಗಿ ಅದರ ಹಿಂದೆ ಓಡಿ, ಎಡವಿ, ತಿರುಗಿ ನನ್ನ ಕೈ ನೋಡಿದಳು. ಬೆರಳು ಇನ್ನೂ ಗುಂಡಿಯ ಮೇಲಿತ್ತು.

“ಅಕ್ಕಾ, ಏನದು ಒತ್ತಿದ್ದು?”

ಮೈಕು ಅವಳ ಬಾಯಿಯ ಹತ್ತಿರವೇ ಇತ್ತು. ಇನ್ನೂರು ಜನ ನಕ್ಕರು. ಓಡಿಬಿಡುತ್ತಾಳೆ ಎಂದುಕೊಂಡೆ. ಓಡಲಿಲ್ಲ. ಬಾಯಿ ಮುಚ್ಚಿ, ಪರದೆ ಬೀಳುವವರೆಗೆ ಅಲ್ಲೇ ನಿಂತಳು. ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

ಒಳಗೆ ಓಡಿಬಂದ ಮೇಷ್ಟ್ರನ್ನೂ ನನ್ನನ್ನೂ ಹನ್ನೊಂದು ಜನ ಸುತ್ತುವರಿದರು.

“ಎಷ್ಟು ದಿನದಿಂದ?” ಎಂದಳು ತಂಗಿ.

“ಎರಡನೇ ವಾರದಿಂದ,” ಎಂದೆ.

“ನನ್ನದೊಂದೇನಾ?”

“ಎಲ್ಲರದ್ದೂ.”

“ಓಹೋ! ಅಂದ್ರೆ ಇಷ್ಟು ದಿನ ಹಾಡಿದ್ದು ಗುಂಡಿ,” ಎಂದಳು ಅವಳ ಪಕ್ಕದವಳು. “ಚಪ್ಪಾಳೆ ಅದಕ್ಕೇ ಹೊಡೀರೇ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಶ್ರುತಿ ಇಳಿಸಿ ಹಾಡೋದು ತಪ್ಪಲ್ಲಮ್ಮ. ಹೆಸರುವಾಸಿ ಹಾಡುಗಾರರೇ ಇಳಿಸ್ಕೋತಾರೆ.”

“ಅವ್ರಿಗೆ ಗೊತ್ತಿರುತ್ತಲ್ಲ ಸಾರ್,” ಎಂದಳು ತಂಗಿ.

ಹನ್ನೊಂದು ಜನವೂ ಉಳಿದ ಹಾಡುಗಳನ್ನು ಮಾತಿನಲ್ಲೇ ಹೇಳಿ ನಾಟಕ ಮುಗಿಸಿದರು. ಬಸ್ಸಿನಲ್ಲಿ ತಂಗಿ ಬೇರೆ ಸೀಟಿನಲ್ಲಿ ಕೂತಳು.

ನಾಟಕ ಮುಗಿದರೂ ಮೇಷ್ಟ್ರು ತಾಲೀಮು ನಿಲ್ಲಿಸಲಿಲ್ಲ; ಮುಂದಿನ ಮಂಗಳವಾರ ನಾಲ್ಕು ಜನ ಬಂದರು. ಅದರ ಮರುವಾರವೂ ನಾಲ್ಕೇ. ಬಾರದವರು ಏಳು, ತಂಗಿಯೂ ಸೇರಿ.