ಮೈಕಮ್ಮ ಕೂಗದ ಹೆಸರು

ಆ ಆಸ್ಪತ್ರೆಗೆ ಮೈಕು ತಂದು ಹಾಕಿದ್ದು ಸುಳ್ಳಲ್ಲ. ಉದ್ಘಾಟನೆಗೆ ಬಂದ ದೊಡ್ಡವರು ಅದರ ಮುಂದೆ ನಿಂತು ಮನಸಾರೆ ಕೊರೆದರು. ಮಾರನೆಯ ದಿನವೇ ಅದು ಕೆಟ್ಟು ಕೂತಿತು. ಆ ಭಾಷಣವನ್ನು ಅಷ್ಟು ಹತ್ತಿರದಿಂದ ಕೇಳಿದ್ದರೆ ನೀವೂ ಕೆಟ್ಟು ಕೂರುತ್ತಿದ್ದಿರಿ, ಪಾಪ ಅದರದೇನು ತಪ್ಪು? ರಿಪೇರಿಯವನು ಬರುವ ತನಕ ಎಂದು ಹೊರರೋಗಿಗಳ ಹಾಲಿನಲ್ಲಿ ಹೆಸರು ಕೂಗಲು ವಾರ್ಡಿನ ಆಯಾ ಒಬ್ಬಳನ್ನು ನಿಲ್ಲಿಸಿದರು. ರಿಪೇರಿಯವನು ಇನ್ನೂ ಬಂದಿಲ್ಲ.

ಅವಳು ನೀಲಿ ಕೋಟು ತೊಟ್ಟು, ಡಾಕ್ಟರ ಕೋಣೆಯ ಬಾಗಿಲ ಪಕ್ಕದ ಕಂಬಕ್ಕೆ ಒರಗಿ, ಕೈಯಲ್ಲಿನ ಚೀಟಿ ನೋಡಿ ಒಂದು ಸಲ ಕೂಗಿದಳೆಂದರೆ, ಹಲ್ಲಿನ ವಿಭಾಗದಲ್ಲಿ ಬಾಯಿ ತೆರೆದು ಮಲಗಿದವರೂ ಬೆಚ್ಚಿ ಬಾಯಿ ಮುಚ್ಚುತ್ತಿದ್ದರು. ಎಲ್ಲರ ಬಾಯಲ್ಲೂ ಅವಳು ಮೈಕಮ್ಮ. ಅದು ಬಂದರಿನ ಊರು, ಎಲ್ಲೆಲ್ಲಿಂದಲೋ ಬಂದ ಜನ, ನಾಲಿಗೆ ಹೊರಳದ ಹೆಸರುಗಳು. ಕಾಲೇಜು ಓದಿದ ಗುಮಾಸ್ತರು ಮುಗ್ಗರಿಸುವ ಹೆಸರನ್ನೂ ಅವಳು ಸಲೀಸಾಗಿ ಕೂಗುತ್ತಿದ್ದಳು. ತಪ್ಪಿದರೆ ಹೆಸರಿನವರು ನಕ್ಕು ತಿದ್ದುತ್ತಿದ್ದರು, ಮರುಸಲ ತಪ್ಪುತ್ತಿರಲಿಲ್ಲ.

ಆದರೆ ಒಂದು ಹೆಸರನ್ನು ಮಾತ್ರ ಅವಳು ಕೂಗುತ್ತಿರಲಿಲ್ಲ. ಜಪ್ಪಯ್ಯ ಅಂದರೂ ಕೂಗುತ್ತಿರಲಿಲ್ಲ. ಆ ಹೆಸರಿನ ಚೀಟಿ ಬಂದರೆ ಬೆಂಚುಗಳ ನಡುವೆ ನಡೆದು ಹೋಗಿ, ಆಳು ಗೊತ್ತಿದ್ದರೆ ಹೆಗಲು ಮುಟ್ಟುತ್ತಿದ್ದಳು. ಗೊತ್ತಿಲ್ಲದಿದ್ದರೆ ಚೀಟಿಯನ್ನೇ ಹಿಡಿದು ತೋರಿಸುತ್ತಿದ್ದಳು. ಹೊಸಬರು ಇದೇನೋ ಮರ್ಯಾದೆ ಎಂದುಕೊಂಡು ಹಿಗ್ಗುತ್ತಿದ್ದರು. ಹಳಬರಿಗೆಲ್ಲ ಕಾರಣ ಗೊತ್ತಿತ್ತು, ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಅದು ಅವಳ ಮಗಳ ಹೆಸರು.

ಹೆಸರು ಆರಿಸಿದವನು ಗಂಡ. ಬಂದರಿನಲ್ಲಿ ಕ್ರೇನ್ ನಡೆಸುವವನು. ಮಗು ಹುಟ್ಟಿದ ದಿನ ಅವನ ಕ್ರೇನಿನ ಎದುರು ಒಂದು ಹಡಗು ಬಂದು ನಿಂತಿತ್ತು. ಅದರ ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಹೆಸರನ್ನೇ ಮನೆಗೆ ತಂದ. ಅತ್ತೆ ಮೂಗು ಮುರಿದರು. "ಇದೇನಪ್ಪಾ ಹೆಸರು? ನಮ್ಮ ಏಳು ತಲೆಮಾರಿನಲ್ಲಿ ಕೇಳಿಲ್ಲ. ಅರ್ಥ ಏನು?" "ಅರ್ಥ ಯಾರಿಗ್ಗೊತ್ತಮ್ಮ? ಅಷ್ಟು ದೊಡ್ಡ ಹಡಗು ಅದನ್ನ ಹೊತ್ಕೊಂಡು ಸಮುದ್ರ ದಾಟಿದೆ. ಮುಳುಗೋ ಹೆಸರಂತೂ ಅಲ್ಲ" ಎಂದ ಗಂಡ. ಆ ಮಾತಿಗೆ ಬಾಣಂತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಕೂಗುವುದಕ್ಕೆಂದೇ ಹುಟ್ಟಿದ ಹೆಸರು ಅದು. ಕೊನೆಯ ಅಕ್ಷರವನ್ನು ಎಳೆದರೆ ಬೀದಿಯ ತುದಿ ಮುಟ್ಟುತ್ತಿತ್ತು. ಸಂಜೆ ಬಾಗಿಲಲ್ಲಿ ನಿಂತು ತಾಯಿ ಕೂಗಿದರೆ, ತಿರುವಿನ ಆಚೆಯಿಂದ "ಬಂದೇ..." ಎಂದು ಉತ್ತರ ಬರುತ್ತಿತ್ತು. ಉತ್ತರ ಬರುತ್ತಿತ್ತೇ ಹೊರತು ಹುಡುಗಿ ಬರುತ್ತಿರಲಿಲ್ಲ. ಮೂರು ಸಲ ಕೂಗಿದ ಮೇಲೆ ಸವೆದ ಚಪ್ಪಲಿ ಪಟಪಟ ಬಡಿದುಕೊಂಡು, ಮಹಾರಾಣಿಯ ಹಾಗೆ ನಿಧಾನಕ್ಕೆ ಬರುತ್ತಿದ್ದಳು. "ನಿನ್ನ ಬಂದೇ ಅನ್ನೋದನ್ನ ನಂಬಿದ್ರೆ ಬೆಳಗಾಗತ್ತೆ" ಎಂದು ತಾಯಿ ತಲೆಗೆ ಮೊಟಕುತ್ತಿದ್ದಳು.

ಒಂದು ಸಂಜೆ ತಾಯಿಗೆ ತಲೆನೋವು. ಒಲೆಯ ಮೇಲಿಟ್ಟದ್ದು ಸೀದಿತ್ತು, ಅತ್ತೆಯ ಜೊತೆ ಮಾತಿಗೆ ಮಾತು ಬೆಳೆದಿತ್ತು. ಬಾಗಿಲಿಗೆ ಬಂದು ಕೂಗಿದವಳು ಹೆಸರಿನ ಹಿಂದೆಯೇ ಸೇರಿಸಿದಳು: "ಬೇಗ ಬಾ! ಇವತ್ತು ತಡ ಮಾಡಿದ್ರೆ ನೋಡು ಮತ್ತೆ!" ದಿನವೂ ಕಿವಿಗೆ ಹಾಕಿಕೊಳ್ಳದ ಹುಡುಗಿ ಆವತ್ತು ತಾಯಿಯ ದನಿ ಕೇಳಿ ಹೆದರಿದಳು. "ಬಂದೇ..." ಎಂದಳು, ಓಡಿದಳು. ತಿರುವಿನಲ್ಲಿ ನೀರಿನ ಟ್ಯಾಂಕರು ಬರುತ್ತಿತ್ತು. ಚಪ್ಪಲಿಯ ಸದ್ದು, ಆಮೇಲೆ ಬ್ರೇಕಿನ ಸದ್ದು. ಬಾಗಿಲಲ್ಲಿ ನಿಂತವಳು ಎರಡನ್ನೂ ಕೇಳಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ. ಹೋಗಿದ್ದರೆ ಚೆನ್ನಾಗಿತ್ತು. ಇಲ್ಲಿ ಆಡಿದ ಮಾತು ಹೋಗಲಿಲ್ಲ.

ನೆಂಟರೆಲ್ಲ ಹೊರಟುಹೋದ ಮೇಲೆ, ಒಂದು ಸಂಜೆ, ಬಾಯಿಯ ಅಭ್ಯಾಸ ನೋಡಿ, ಅವಳು ಬಾಗಿಲಿಗೆ ಬಂದು ಕೂಗಿಬಿಟ್ಟಳು. ಕೂಗಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ತಿರುವಿನ ಆಚೆಯಿಂದ ಬಂತು: "ಬಂದೇ..." ಚಪ್ಪಲಿ ಪಟಪಟ ಓಡಿ ಬಂದವು, ಹತ್ತಿರ, ಇನ್ನೂ ಹತ್ತಿರ, ಆಮೇಲೆ ಬ್ರೇಕು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಲಗಿದ್ದ ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಒಳಗೆ ಚಹಾ ಕುಡಿಯುತ್ತಿದ್ದ ಗಂಡ, "ಯಾರನ್ನ ಕೂಗಿದೆ?" ಎಂದು ಕೇಳಿ, ಕೇಳಿದ್ದಕ್ಕೆ ತಾನೇ ಅತ್ತ.

ಕೆಲವು ತಿಂಗಳು ಕಳೆದು ಇನ್ನೊಮ್ಮೆ ಪರೀಕ್ಷೆ ಮಾಡಿದಳು. ದಿಂಬಿಗೆ ಮುಖ ಒತ್ತಿ ಪಿಸುಮಾತಿನಲ್ಲಿ ಕರೆದಳು. ಅದಕ್ಕೂ ಉತ್ತರ ಬಂತು. ಅದೇ ಓಟ, ಅದೇ ಬ್ರೇಕು. ಆಗ ಅವಳಿಗೆ ಲೆಕ್ಕ ಸ್ಪಷ್ಟವಾಯಿತು: ಮಗಳು ಎಲ್ಲೋ ಆಡಿಕೊಂಡು ನೆಮ್ಮದಿಯಾಗಿದ್ದಾಳೆ. ಕರೆದರೆ ಹೊರಡುತ್ತಾಳೆ. ಹೊರಟರೆ ದಾರಿಯಲ್ಲಿ ಟ್ಯಾಂಕರು ಇದೆ. ಪ್ರತಿ ಸಲ ಕೂಗಿದಾಗಲೂ ಹುಡುಗಿ ಹೊಸದಾಗಿ ಸಾಯುತ್ತಾಳೆ. ಅಂದಿನಿಂದ ಆ ಹೆಸರಿಗೆ ಬಾಯಲ್ಲಿ ಬೀಗ ಬಿತ್ತು.

ಬೀಗ ಬಿದ್ದದ್ದು ತನ್ನ ಬಾಯಿಗೆ, ಲೋಕದ ಬಾಯಿಗಲ್ಲವಲ್ಲ. ಹಾಲಿನಲ್ಲಿ ಆ ಹೆಸರಿನವರು ಬರುತ್ತಲೇ ಇದ್ದರು. ಹಡಗೊಂದರ ಹೆಸರು ಎಂದುಕೊಂಡಿದ್ದಳು ಪಾಪ, ಇಷ್ಟೊಂದು ಜನ ಅದನ್ನು ಹೊತ್ತು ತಿರುಗುತ್ತಿದ್ದಾರೆಂದು ಅವಳಿಗೇನು ಗೊತ್ತು! ಹೆಗಲು ಮುಟ್ಟಿ ಡಾಕ್ಟರ ಬಾಗಿಲಿಗೆ ಕರೆದೊಯ್ಯುವಾಗ ಕೇಳದೆ ಇರಲು ಆಗುತ್ತಿರಲಿಲ್ಲ. "ಈ ಹೆಸರು ಯಾರಿಟ್ಟಿದ್ದು ನಿಮಗೆ?"

ಕೋಲು ಹಿಡಿದ ಅಜ್ಜಿಯೊಬ್ಬಳು ಬೆಟ್ಟದ ಕಡೆಯವಳು. "ನಮ್ಮಲ್ಲಿ ಬೆಳಗಿನ ಜಾವ ಎಲ್ಲಕ್ಕಿಂತ ಕೊನೇಲಿ ಆರೋ ನಕ್ಷತ್ರಕ್ಕೆ ಹೀಗಂತಾರೆ ಕಣಮ್ಮ. ಕುರಿ ಬಿಡೋ ಹೊತ್ತಿಗೆ ಹುಟ್ಟಿದೆ ಅಂತ ಇಟ್ರು." ಯುದ್ಧದ ನಾಡಿನಿಂದ ಉಟ್ಟ ಬಟ್ಟೆಯಲ್ಲಿ ಓಡಿ ಬಂದ ಹೊಲಿಗೆಯವಳು ಹೇಳಿದಳು, ತಮ್ಮ ಭಾಷೆಯಲ್ಲಿ ಅದಕ್ಕೆ ಬೇಡಿ ಪಡೆದದ್ದು ಎಂದರ್ಥ. ಒಬ್ಬ ಎಳೆ ಮೇಷ್ಟರಮ್ಮ ನಾಚಿಕೊಂಡು, "ಅರ್ಥ ಏನಿಲ್ಲ ಆಂಟಿ, ಅಮ್ಮ ನೋಡ್ತಿದ್ದ ಧಾರಾವಾಹಿ ನಾಯಕಿ ಹೆಸರು" ಎಂದಳು. ಬೇಕರಿಯವನೊಬ್ಬನ ಚೀಟಿ ಬಂದಾಗಲಂತೂ ಮೈಕಮ್ಮ ಬೆಂಚಿನ ಸುತ್ತ ಹೆಂಗಸರನ್ನೇ ಹುಡುಕಿದಳು. ಗುಡಾಣದಂಥ ಹೊಟ್ಟೆಯ, ಮೀಸೆ ಹೊತ್ತ ಗಂಡಸು ಎದ್ದು ನಿಂತ. "ನಮ್ಮ ಜನದಲ್ಲಿ ಇದು ಗಂಡಸರ ಹೆಸರು. ನಮ್ಮ ಮುತ್ತಾತ ಇದೇ ಹೆಸರಲ್ಲಿ ಕುಸ್ತಿ ಗೆದ್ದಿದ್ದ." ಅವತ್ತಿಡೀ ಅವಳಿಗೆ ಸಿಟ್ಟು ಇಳಿಯಲಿಲ್ಲ. ಹೂವಿನಂಥ ಹುಡುಗಿಯ ಹೆಸರು ಈ ಮೀಸೆಗೆ ಯಾಕೆ ಬೇಕಿತ್ತು?

ಸಿಟ್ಟು ಇಳಿದಾಗ ಬೇರೆಯದೇ ಒಂದು ಸಂಕಟ ಹಿಡಿಯುತ್ತಿತ್ತು. ಮೇಷ್ಟರಮ್ಮನಿಗೆ ಈಗ ಮಗಳಿಗೆ ಆಗಬೇಕಿದ್ದ ವಯಸ್ಸು. ಹೊಲಿಗೆಯವಳಿಗೆ ಮುಂದೆ ಆಗಲಿದ್ದ ವಯಸ್ಸು. ಅಜ್ಜಿಗೆ ಕೊನೆಗೆ ಆಗಬೇಕಿದ್ದದ್ದು. ತನ್ನ ಮಗಳು ಕಾಣದ ವಯಸ್ಸುಗಳನ್ನೆಲ್ಲ ಇವರು ಹಂಚಿಕೊಂಡು ಬದುಕುತ್ತಿದ್ದಾರೆ ಎನ್ನಿಸುತ್ತಿತ್ತು. ಅವರ ಹೆಗಲ ಮೇಲೆ ಅವಳ ಕೈ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಇರುತ್ತಿತ್ತು. ಆದರೆ ಇಷ್ಟು ವರ್ಷಗಳಲ್ಲಿ, ಮಗಳು ಹೋದ ವಯಸ್ಸಿನ ಹುಡುಗಿ ಮಾತ್ರ ಆ ಹೆಸರು ಹೊತ್ತು ಬಂದಿರಲಿಲ್ಲ.

ಬಂದಳು. ಒಂದು ಬೆಳಿಗ್ಗೆ, ಕಾಲಿಡಲು ಜಾಗವಿಲ್ಲದಷ್ಟು ಜನ ತುಂಬಿದ್ದಾಗ.

ಜೊತೆಗಿದ್ದ ತಾಯಿ ಪರದೇಶದವಳು. ಗಂಟಲಿನ ಆಪರೇಷನ್ ಆಗಿ, ಕುತ್ತಿಗೆಗೆ ಬಿಳಿ ಬ್ಯಾಂಡೇಜು ಸುತ್ತಿಕೊಂಡಿದ್ದಳು. ದನಿ ಇನ್ನು ಬರುವುದಿಲ್ಲ ಎಂದು ದೊಡ್ಡ ಸಿಸ್ಟರ್ ಹೇಳಿದ್ದನ್ನು ಮೈಕಮ್ಮ ಕೇಳಿದ್ದಳು. ತಾಯಿಗೆ ಬ್ಯಾಂಡೇಜು ಬದಲಿಸಬೇಕಿತ್ತು, ಮಗಳಿಗೆ ಕೆಮ್ಮು. ಹುಡುಗಿಗೆ ಎರಡು ಜಡೆ, ಕಾಲಿಗೆ ದೊಡ್ಡದಾದ ಚಪ್ಪಲಿ. ಇಲ್ಲಿನ ಮಾತು ಇಬ್ಬರಿಗೂ ಬಾರದು. ಹುಡುಗಿಯ ಸರದಿ ಬಂದಾಗ ಮೈಕಮ್ಮ ಚೀಟಿ ನೋಡಿದಳು. ಅದೇ ಹೆಸರು.

ಬೆಂಚಿನ ಹತ್ತಿರ ಹೋಗಿ ಚೀಟಿ ತೋರಿಸಿದಳು. ತಾಯಿ ಒಬ್ಬಳೇ ಇದ್ದಳು. ಬೆರಳನ್ನು ಬಾಯಿಗೆ ತೋರಿಸಿ, ಕಾರಿಡಾರಿನ ಕೊನೆಗೆ ಕೈ ಮಾಡಿದಳು. ನೀರು ಕುಡಿಯಲು ನಲ್ಲಿಯ ಹತ್ತಿರ ಹೋಗಿದ್ದಾಳೆ ಎಂದು ತಿಳಿಯಿತು. ಬೇರೆ ಹೆಸರಾಗಿದ್ದರೆ ನಿಂತಲ್ಲಿಂದಲೇ ಒಂದು ಕೂಗು, ಹುಡುಗಿ ಬಾಯಿ ಒರೆಸಿಕೊಂಡು ಬರುತ್ತಿದ್ದಳು. ಮೈಕಮ್ಮ ಕೂಗಲಿಲ್ಲ. 'ಬರಲಿ, ಕುಡಿದೇ ಬರಲಿ' ಎಂದುಕೊಂಡು ಆ ಚೀಟಿಯನ್ನು ಎಲ್ಲಕ್ಕಿಂತ ಕೆಳಗೆ ಸೇರಿಸಿ ಮುಂದಿನವರನ್ನು ಕರೆದಳು. ಅದರ ಮುಂದಿನವರನ್ನೂ ಕರೆದಳು.

ಯಾರೋ ಕೋಟು ಹಿಡಿದು ಜಗ್ಗಿದರು. ತಿರುಗಿದರೆ ಆ ತಾಯಿ. ಬಾಯಿ ತೆರೆದಿತ್ತು, ಬರೀ ಗಾಳಿ ಬರುತ್ತಿತ್ತು. ಹುಡುಗಿ ನಲ್ಲಿಯ ಹತ್ತಿರ ಇಲ್ಲ. ಮೈಕಮ್ಮನ ಕೈ ಹಿಡಿದು ಎಳೆದುಕೊಂಡೇ ಹೊರಬಾಗಿಲಿಗೆ ಬಂದಳು. ಮೆಟ್ಟಿಲ ಮೇಲೆ ನಿಂತರೆ ಅಂಗಳವೆಲ್ಲ ಕಾಣುತ್ತದೆ. ಅಂಗಳದ ಆಚೆ ಗೋಡೆಯ ಬುಡದಲ್ಲಿ ಹುಡುಗಿ ಕುಕ್ಕರುಗಾಲಲ್ಲಿ ಕೂತು ಬೆಕ್ಕಿನ ತಲೆ ಸವರುತ್ತಿದ್ದಳು. ಆಮ್ಲಜನಕದ ಸಿಲಿಂಡರು ತುಂಬಿದ ಲಾರಿ ಅವಳ ಬೆನ್ನ ಕಡೆಗೇ ಹಿಮ್ಮುಖವಾಗಿ ಬರುತ್ತಿತ್ತು. ಸಿಲಿಂಡರುಗಳ ಗಲಾಟೆಯಲ್ಲಿ ಚಾಲಕನಿಗೆ ಏನೂ ಕೇಳುವಂತಿರಲಿಲ್ಲ.

"ಏ ಪಾಪೂ! ಏಳೇ!" ಎಂದು ಯಾರೋ ಅರಚಿದರು. "ಮರೀ, ಆ ಕಡೆ ಹೋಗು! ಲಾರಿ, ಲಾರಿ!" ಕಾವಲುಗಾರ ಕುಂಟುತ್ತ ಓಡಿದ, ಅವನ ಕಾಲಿಗೆ ಆ ದೂರ ಬಹಳವಾಯಿತು. ಹುಡುಗಿ ತಿರುಗಲಿಲ್ಲ. ಯಾಕೆ ತಿರುಗಬೇಕು? ಪಾಪು ಎಂದರೆ ಯಾರು, ಮರಿ ಎಂದರೆ ಯಾರು, ಅವಳಿಗೇನು ಗೊತ್ತು? ಈ ಊರಿನ ಮಾತುಗಳಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ, ಅವಳ ಹೆಸರು.

ತಾಯಿ ಮೈಕಮ್ಮನ ಎದುರು ನಿಂತು, ಅವಳ ಗಂಟಲಿನ ಮೇಲೆ ತನ್ನ ಅಂಗೈ ಇಟ್ಟಳು.

ಮೈಕಮ್ಮ ಗೋಡೆಯ ಬುಡದ ಹುಡುಗಿಯನ್ನು ನೋಡಿದಳು. ಕೂಗಿದರೆ ಇವಳು ಏಳುತ್ತಾಳೆ. ಕೂಗಿದರೆ ಅವಳೂ ಏಳುತ್ತಾಳೆ, ತಿರುವಿನ ಆಚೆಯಿಂದ, ಓಡಿಕೊಂಡು. 'ಅಯ್ಯೋ, ನನ್ನ ಕೂಸನ್ನ ಇನ್ನೊಂದ್ಸಲ ಕೊಲ್ಲಲಾ ನಾನು?' ಗಂಟಲಿನ ಮೇಲಿನ ಅಂಗೈ ಸರಿಯಲಿಲ್ಲ. ಅದೂ ತಾಯಿಯ ಕೈಯೇ. ಲಾರಿ ನಿಲ್ಲಲಿಲ್ಲ.

ಕೂಗಿದಳು.

ಅಷ್ಟು ವರ್ಷ ಒಳಗೇ ಕೂತಿದ್ದ ಹೆಸರು, ಕೊನೆಯ ಅಕ್ಷರ ಎಳೆದುಕೊಂಡು ಅಂಗಳ ದಾಟಿತು. ಹಾಲಿನೊಳಗೆ ಸಕ್ಕರೆ ಕಾಯಿಲೆಗೆ ಬಂದಿದ್ದ ಬೇಕರಿಯವನು "ಹ್ಞಾಂ, ಇಲ್ಲಿದೀನಿ!" ಎಂದು ಎದ್ದು ನಿಂತ. ಕೋಲಿನ ಅಜ್ಜಿ "ಬಂದೆ ಕಣಮ್ಮ" ಎಂದು ಕೋಲು ಹುಡುಕಿದಳು. ಗೋಡೆಯ ಬುಡದ ಹುಡುಗಿ ತಲೆ ತಿರುಗಿಸಿದಳು. ತನ್ನ ಭಾಷೆಯಲ್ಲಿ ಏನೋ ಒಂದು ಮಾತು ಕೂಗಿದಳು. ಮಾತು ಮೈಕಮ್ಮನಿಗೆ ಗೊತ್ತಿಲ್ಲದ್ದು, ಎಳೆತ ಮಾತ್ರ ಗೊತ್ತಿದ್ದದ್ದೇ. ಎದ್ದು ಮೆಟ್ಟಿಲ ಕಡೆಗೆ ಓಡಿ ಬಂದಳು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಲಾರಿಯ ಹಿಂದಿನ ಚಕ್ರ ಅದರ ಮೇಲೆ ಹತ್ತಿ, ಗೋಡೆಗೆ ತಾಗಿ ನಿಂತಿತು. ಬೆಕ್ಕು ಆಗಲೇ ಗೋಡೆಯ ಮೇಲಿತ್ತು.

ತಾಯಿ ಮಗಳನ್ನು ಅಪ್ಪಿಕೊಂಡು ಮೆಟ್ಟಿಲ ಮೇಲೆ ಕುಸಿದಳು. ಜನ ಚಾಲಕನನ್ನು ಬೈಯಲು ಓಡಿದರು. ಯಾರೋ "ಭೇಷ್ ಮೈಕಮ್ಮ!" ಎಂದರು. ಅದು ಅವಳ ಕಿವಿಗೆ ಬೀಳಲಿಲ್ಲ. ಗೇಟಿನ ಆಚೆ, ಬೀದಿ ತಿರುಗುವ ಕಡೆಯಿಂದ ಬಂತು ಅದು, ಒಂದಿಷ್ಟೂ ಬದಲಾಗದೆ.

"ಬಂದೇ..."

ಚಪ್ಪಲಿ ಪಟಪಟ ಬಡಿಯತೊಡಗಿದವು. ಓಟ. ಅವಳಿಗೆ ಆ ಓಟದ ಪ್ರತಿ ಹೆಜ್ಜೆಯೂ ಬಾಯಿಪಾಠ. ಇನ್ನು ತಿರುವು ಬರುತ್ತದೆ, ಇನ್ನು ಟ್ಯಾಂಕರು ಬರುತ್ತದೆ. ಹಿಂದಿನ ಎರಡು ಸಲವೂ ಕಿವಿ ಮುಚ್ಚಿಕೊಂಡಿದ್ದಳು. ಈ ಸಲ ಬಾಯಿ ತೆರೆದೇ ಇತ್ತು. ಖಾಲಿ ಗೇಟಿನ ಕಡೆಗೆ, ಇಡೀ ಆಸ್ಪತ್ರೆಗೆ ಕೇಳುವ ಹಾಗೆ, ಮಗಳ ಹೆಸರನ್ನು ಇನ್ನೊಮ್ಮೆ ಕೂಗಿ ಹೇಳಿದಳು:

"ನಿಧಾನಕ್ಕೆ ಬಾ ಮಗಳೇ! ಅವಸರ ಏನೂ ಇಲ್ಲ. ತಡ ಆದ್ರೆ ಆಗ್ಲಿ, ಬೈಯಲ್ಲ ಕಣೇ. ನಾನಿಲ್ಲೇ ಇರ್ತೀನಿ."

ಅಂಗಳದ ಜನ ಗೇಟಿನ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ದೊಡ್ಡ ಸಿಸ್ಟರ್ ಬಾಯಿಗೆ ಕೈ ಇಟ್ಟುಕೊಂಡರು. ಬೇಕರಿಯವನು ಬಾಗಿಲಿಗೆ ಬಂದು ನಿಂತ.

ಚಪ್ಪಲಿಯ ಓಟ ನಡಿಗೆಯಾಯಿತು. ಪಟ್, ಪಟ್, ಮಹಾರಾಣಿಯ ಹಾಗೆ. ಬ್ರೇಕಿನ ಸದ್ದಿಗಾಗಿ ಮೈಕಮ್ಮ ಕಾದಳು. ಅದು ಬರಲಿಲ್ಲ. ನಡಿಗೆ ಗೇಟು ದಾಟಿತು, ಲಾರಿಯ ಪಕ್ಕದಿಂದ ಸುತ್ತಿ ಬಂತು.

ಒಳಗಿನಿಂದ ಡಾಕ್ಟರು ಗಂಟೆ ಒತ್ತಿದರು. ಮುಂದಿನ ಹೆಸರಿಗಾಗಿ ಜನ ಕಾಯುತ್ತಿದ್ದರು. ಮೈಕಮ್ಮ ಮೆಟ್ಟಿಲ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಸಣ್ಣ ಹುಡುಗಿಯೊಬ್ಬಳು ಹತ್ತಿ ಬರುವಷ್ಟು ಜಾಗ ಬಿಟ್ಟು ನಿಂತಳು.