ಕಲ್ಲಿನಲ್ಲಿ ನನ್ನ ಅರ್ಧ

ಗುಡ್ಡದ ಮೇಲೆ ಯಾರೋ ನಕ್ಕರು, ಸ್ಮಶಾನದಲ್ಲೂ ನಗುತ್ತಾರೆ ಈಗಿನವರು, ಷೆರಿಫನ ಗೋರಿಯ ಹತ್ತಿರ ಇರಬೇಕು, ಅವನು ಕುಡಿದು ತನ್ನ ಜೈಲಿನಲ್ಲೇ ತಾನು ಮಲಗಿ ಎದ್ದ ಕಥೆ ಹೇಳುತ್ತಿದ್ದಾಳೆ ಟ್ವೈಲಾ, ಇತಿಹಾಸ ಸಂಘದವಳು, ಊರವರಿಗೆ ಗೋರಿ ತೋರಿಸುತ್ತ ಬರುತ್ತಿದ್ದಾಳೆ, ಕೈಯಲ್ಲಿ ಪಟ್ಟಿ, ಕೌಂಟಿಯ ರಾಜಕಾರಣಿಗಳ ಗೋರಿ ಒಟ್ಟು ಹದಿನಾಲ್ಕು, ಅವನಾದ ಮೇಲೆ ಶಾಸಕರಿಬ್ಬರು, ಆಮೇಲೆ ನನ್ನ ಡೆಲ್ಮರ್ — ಐದೇ ನಿಮಿಷ ಆರ್ವಿಲ್ಲಾ ಅಜ್ಜಿ, ಯಜಮಾನ್ರ ಬಗ್ಗೆ ಏನಾದ್ರೂ ಹೇಳಿ ಸಾಕು, ಇಪ್ಪತ್ನಾಲ್ಕು ವರ್ಷ ಕೌಂಟಿ ಬೋರ್ಡಲ್ಲಿದ್ರಲ್ವಾ, ಅಂದಿದ್ದಳು ಅವಳು — ಹೇಳುವುದೇನು, ಕುರ್ಚಿಯ ಕಾಲು ಹಸಿ ಮಣ್ಣಿಗೆ ಇಳಿಯುತ್ತಿದೆ, ನಿನ್ನೆ ಮಳೆ, ತೊಡೆಯ ಮೇಲೆ ಕೈಚೀಲ ಭಾರ, ಕಾಫಿ ಡಬ್ಬಿಯಲ್ಲಿ ಇಟ್ಟು ತಂದ ಪಿಯೋನಿ ಹೂವಿಗೆಲ್ಲ ಇರುವೆ. ಕಲ್ಲಿನ ಎಡಕ್ಕೆ ಡೆಲ್ಮರ್ ಕುಚೆರಾ, 1920–1986, ಬಲಕ್ಕೆ ನಾನು, 1923–19, ಮುಂದೆ ಖಾಲಿ. ಒಟ್ಟಿಗೇ ಕೆತ್ತಿಸ್ಬಿಡಿ ಅಮ್ಮ, ಅಕ್ಷರ ಒಂದೇ ಥರ ಬರುತ್ತೆ, ಇನ್ನೆರಡಂಕಿ ಆಮೇಲೆ ಹಾಕಿದ್ರಾಯ್ತು, ಅಂದಿದ್ದ ಕಲ್ಲುಕುಟಿಗ, ನೆಬ್ರಾಸ್ಕಾದ ಈ ಬಯಲಲ್ಲಿ ಹೆಂಡತಿಯರೆಲ್ಲ ಹೀಗೇ ಕಲ್ಲಿನಲ್ಲಿ ಕಾದು ಕೂತಿರುತ್ತೇವೆ, ನಾನೋ ಮೊಂಡು ಜೀವ, ಎರಡು ಸಾವಿರದ ನಾಲ್ಕು ಬಂದರೂ ಕಂತೆ ಒಗೆಯಲಿಲ್ಲ, ಈಗ ಆ ಹತ್ತೊಂಬತ್ತು ಬರೀ ತಪ್ಪು.

ಮತ್ತೆ ನಗು, ಹತ್ತಿರವಾಯಿತು, ಶಾಸಕರ ಕಡೆ ಇಳಿಯುತ್ತಿದ್ದಾರೆ. ಲಿಯೋನಾ ಹೀಗೆ ನಗುತ್ತಿದ್ದಳು, ನನ್ನ ಅಕ್ಕ, ನಗುತ್ತ ನಗುತ್ತಲೇ ಕಣ್ಣು ಮೇಲೆ ಹೋಗಿ ಮೂರ್ಛೆ, ಕೈಯಲ್ಲಿದ್ದ ತಟ್ಟೆ ಚೂರು, ಒಲೆಯ ಮೇಲೆ ಬಿದ್ದಾಳು ಅಂತ ಅಪ್ಪ ದಿಕ್ಕಿಲ್ಲದವರನ್ನು ಇಡುವ ಕೌಂಟಿಯ ಬಡವರ ಮನೆಗೆ ಬಿಟ್ಟುಬಂದ, ಜಡೆ ಹೆಣೆದು ಕಳಿಸಿದವಳು ನಾನೇ, ಅಲ್ಲೇ ತೀರಿಹೋದಳು, ಹದಿನೇಳನೇ ವಯಸ್ಸಿಗೆ. ಅಲ್ಲಿಯವರನ್ನು ಹಿತ್ತಲಲ್ಲೇ ಹೂಳುತ್ತಿದ್ದರು, ಕಲ್ಲಿಲ್ಲ, ಹೆಸರಿಲ್ಲ, ತಲೆಯ ಕಡೆ ಒಂದು ಕಬ್ಬಿಣದ ಗೂಟ, ಅದರ ತಲೆಯಲ್ಲಿ ನಂಬರು, ಅವಳದು ಮೂವತ್ತೊಂದು. ಡೆಲ್ಮರ್‌ಗೆ ನಾನು ಹೇಳಿದ್ದು ಬೇರೆ, ಅಕ್ಕ ಒಮಾಹಾದ ಆಸ್ಪತ್ರೆಯಲ್ಲಿ ತೀರಿಕೊಂಡಳು ಅಂತ, ಮೂರ್ಛೆ ಇರುವ ಮನೆಯಿಂದ ಯಾರು ಹೆಣ್ಣು ತರುತ್ತಾರೆ, ನಾಚಿಕೆ, ಬರೀ ನಾಚಿಕೆ. ಅರವತ್ತೊಂದನೇ ಇಸವಿಯಲ್ಲಿ ಒಂದು ದಿನ ಬೋರ್ಡ್ ಮೀಟಿಂಗ್ ಮುಗಿಸಿ ಬಂದು ಚೆರಿ ಪೈ ತಿನ್ನುತ್ತ — ಆ ಬಡವರ ಮನೆ ಹಿಂದಿನ ಗೂಟಗಳಿವೆಯಲ್ಲ, ಹುಲ್ಲು ಕೊಯ್ಯೋ ಯಂತ್ರದ ಬ್ಲೇಡು ಮುರೀತಾನೇ ಇವೆ ಕಣೇ, ಎಲ್ಲಾ ಕಿತ್ತು ರಸ್ತೆ ಇಲಾಖೆ ಜಲ್ಲಿ ಸುರಿಯೋಕೆ ಜಾಗ ಮಾಡಿ ಅಂತ ಕೈ ಎತ್ತಿದೆ, ಅಲ್ಲಿರೋರನ್ನ ಕೇಳೋರು ಯಾರಿದಾರೆ. ನಾನಿದ್ದೆ. ಕೆಟ್ಟವನಲ್ಲ ಅವನು, ಅಲ್ಲಿ ನನ್ನಕ್ಕ ಇದ್ದಾಳೆ ಅಂದಿದ್ದರೆ ಪೈ ಬಿಟ್ಟು ಎದ್ದು ಫೋನ್ ಮಾಡುತ್ತಿದ್ದ, ಮೂರೇ ಮಾತು, ಬಾಯಿ ತೆರೆದೆ, ಇನ್ನೊಂದು ತುಂಡು ಹಾಕ್ಲಾ ಅಂದೆ. ಹಾಕು ಅಂದ. ಮರುದಿನ ಟ್ರಾಕ್ಟರ್ ಬರುವ ಮೊದಲೇ ಹೋಗಿ ಅವಳ ಗೂಟವೊಂದನ್ನು ಕಿತ್ತು ಏಪ್ರನ್ನಿನಲ್ಲಿ ಸುತ್ತಿ ತಂದೆ, ಹಿಟ್ಟಿನ ಡ್ರಾಯರಿನ ತಳದಲ್ಲಿ ನಲವತ್ತಮೂರು ವರ್ಷ, ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಬಂದೇ ಬಿಟ್ಟರು, ಇಪ್ಪತ್ತು ಜನ, ಟೋಪಿ ತೆಗೆದವರು, ತೆಗೆಯದವರು, ಟ್ವೈಲಾ ಹೇಳುತ್ತಿದ್ದಾಳೆ, ಇವ್ರ ಕಾಲದಲ್ಲೇ ಕೌಂಟಿಯ ರಸ್ತೆಗೆಲ್ಲ ಜಲ್ಲಿ ಬಿದ್ದಿದ್ದು, ಹೌದು ಬಿದ್ದಿದ್ದು, ನನ್ನ ಅಕ್ಕನ ಮೇಲೂ ಬಿದ್ದಿದ್ದು, ಅಜ್ಜಿ, ಶುರು ಮಾಡಿ, ಒಳ್ಳೆಯ ಮನುಷ್ಯ ಅಂದು ಕೂತುಬಿಡಬಹುದು, ಎಲ್ಲರೂ ತಲೆಯಾಡಿಸುತ್ತಾರೆ, ಮತ್ತೆ ಪೈ, ಮತ್ತೆ ಇನ್ನೊಂದು ತುಂಡು — ಇಲ್ಲ, ಮೊಣಕಾಲೂರಿ ಕೂತೆ, ಚೀಲದಿಂದ ಗೂಟ ತೆಗೆದೆ, ನನ್ನ ಅರ್ಧದ ಹಸಿ ಮಣ್ಣಿಗೆ ಎರಡೂ ಕೈಯಿಂದ ಒತ್ತಿದೆ, ಇಳಿಯಿತು. ಅಯ್ಯೋ ಅಜ್ಜಿ, ಅದು ನಿಮ್ಮ ಜಾಗ ಅಲ್ವಾ? ಅಲ್ಲಮ್ಮ, ಕಲ್ಲು ನೋಡು, ನಾನು ಆ ಶತಮಾನದಲ್ಲಿ ಸಾಯಲಿಲ್ಲ, ಸತ್ತವಳು ನನ್ನಕ್ಕ, ಲಿಯೋನಾ, ಜಲ್ಲಿ ಕೆಳಗಿದಾಳೆ, ಹಾಕಿಸಿದ್ದು ಇವರು, ಸುಮ್ಮನಿದ್ದಿದ್ದು ನಾನು. ಯಾರೂ ನಗಲಿಲ್ಲ. ನನ್ನನ್ನು ಎಲ್ಲಾದರೂ ಹೂಳಲಿ, ಜಲ್ಲಿಯ ಪಕ್ಕದಲ್ಲೇ ಹೂಳಲಿ, ಹುಲ್ಲಿನ ಮೇಲೆ ಇಷ್ಟೇ ಇಷ್ಟು ಗೂಟದ ತಲೆ, ತುಕ್ಕಿನ ಸಂದಿಯಲ್ಲಿ ಇನ್ನೂ ಡ್ರಾಯರಿನ ಹಿಟ್ಟು, ಮೂವತ್ತೊಂದು, ಹಿಟ್ಟು, ಮೂವತ್ತೊಂದು —