ನೊರೀನಾಳ ಕಾಲಿಗೆ ಮೂರು ಪ್ಯಾಕೆಟ್

ಲೊರೆದಾನಾ ಮೂರು ಪ್ಯಾಕೆಟ್ ತಂದಿದ್ದಳು. ಸತ್ತ ತಾಯಿಗೆ ತೊಡಿಸಲು ಒಂದು ಜೊತೆ ಟೈಟ್ಸ್, ಸೊಂಟದವರೆಗೆ ಏರುವ ಕಾಲುಚೀಲ, ಸಾಕು. ಮೂರು ತಂದವಳ ಮನಸ್ಸಿನಲ್ಲಿ ಏನೋ ಇದೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಪ್ಯಾಕೆಟ್ ಕಂಡರೆ ಬಿಚ್ಚಿ ನೋಡುವ ಚಟ ನನ್ನದು.

ಅವಳ ತಾಯಿ ನೊರೀನಾ ಮತ್ತು ನಾನು ಒಂದೇ ಹಡಗಿನಲ್ಲಿ ಇಟಲಿ ಬಿಟ್ಟು, ಕ್ರಿಸ್‌ಮಸ್ ಬೇಸಿಗೆಯಲ್ಲಿ ಬರುವ ಈ ದೇಶಕ್ಕೆ ಬಂದವರು. ಬ್ರನ್ಸ್‌ವಿಕ್‌ನ ಕಾಲುಚೀಲದ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಒಂದೇ ಮೇಜಿನಲ್ಲಿ ಕೂತು ತಪಾಸಣೆ ಮಾಡಿದೆವು. ಉಗುರನ್ನು ಬುಡಮಟ್ಟ ಕತ್ತರಿಸಿಕೊಂಡು, ಚೀಲದೊಳಗೆ ಕೈ ತೂರಿಸಿ, ಬೆರಳು ಅಗಲಿಸಿ ನೋಡಿ, ದೋಷವಿಲ್ಲದ್ದನ್ನು ಮಾತ್ರ ಪಾಸ್ ಮಾಡುವುದು ನಮ್ಮ ಕೆಲಸ. ದೀಪದ ಕೆಳಗೆ ನೋಡಿ ಬಣ್ಣವನ್ನು ಒಪ್ಪಿಬಿಡಬಾರದು, ಕಿಟಕಿಯ ಬೆಳಕಿಗೆ ಒಯ್ಯಬೇಕು. ಇದು ಮಿಲ್ಲಿನ ಮೊದಲ ಪಾಠ. ಕೆಲಸ ಬಿಟ್ಟ ದಿನ ನಾವಿಬ್ಬರೂ ಮಾತು ಕೊಟ್ಟುಕೊಂಡಿದ್ದೆವು: ಯಾರು ಮೊದಲು ಹೋಗುತ್ತಾರೋ ಅವರ ಕಾಲಿಗೆ ಉಳಿದವಳೇ ತೊಡಿಸಬೇಕು, ಅದೂ ಹದಿನೈದು ನಂಬರಿನ ತೆಳು ನೂಲಿನದು.

"ದಪ್ಪದ್ದು ಹಾಕಿದ್ರೆ ಎದ್ದು ಬಂದು ಒದೀತೀನಿ ನೋಡು ಎರ್ಸಿಲಿಯಾ," ಎಂದಿದ್ದಳು ನೊರೀನಾ.

ಈಗ ಶವಸಂಸ್ಕಾರದ ಏರ್ಪಾಟು ಮಾಡುವವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ನೀಲಿ ಉಡುಪು ತೊಟ್ಟು ಮಲಗಿದ್ದಳು. ಮೊಣಕಾಲಿನಿಂದ ಕೆಳಗೆ ಬಿಳಿ ಹೊದಿಕೆ. ಕಿಟಕಿಗೆ ಪರದೆ ಎಳೆದು ಹಳದಿ ದೀಪ ಹಾಕಿದ್ದರು. ಹನ್ನೊಂದಕ್ಕೆ ಇಗರ್ಜಿಯಲ್ಲಿ ಶವಪೆಟ್ಟಿಗೆಯನ್ನು ತಲೆಯಿಂದ ಪಾದದವರೆಗೆ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು.

ನಾನು ಒಂದೊಂದಾಗಿ ಕೈ ತೂರಿಸಿ ನೋಡಿದೆ. ಸೂಪರ್‌ಮಾರ್ಕೆಟ್ಟಿನದಕ್ಕೆ ಹಿಮ್ಮಡಿಯನ್ನೇ ಹೆಣೆದಿರಲಿಲ್ಲ, ಬರೀ ಕೊಳವೆ. ಪಾದದ ಗಂಟಿನಲ್ಲಿ ಸುಕ್ಕು ಬೀಳುವುದು ಖಂಡಿತ. ಎರಡನೆಯದು ವೆಲಾರಾ ಕಂಪನಿಯದು, ಹದಿನೈದು ನಂಬರು. ಹಿಮ್ಮಡಿ ಸರಿಯಾಗಿ ತಿರುಗಿತ್ತು, ಸೊಂಟದ ಪಟ್ಟಿ ಮೆದು, ಕೈಮೇಲೆ ಇದೆಯೋ ಇಲ್ಲವೋ ಅನ್ನುವಂತಿತ್ತು. ಮೂರನೆಯದು ಮಿರೆಲ್, ನಲವತ್ತು ನಂಬರಿನ ದಪ್ಪ ನೂಲು. ನನ್ನ ಕೈಮೇಲಿನ ಮುಪ್ಪಿನ ಕಲೆಗಳನ್ನೆಲ್ಲ ಅದು ನುಂಗಿಬಿಟ್ಟಿತು.

"ವೆಲಾರಾ," ಎಂದೆ. "ಮಾತೇ ಇಲ್ಲ."

"ಮಿರೆಲ್ ಹಾಕೋಣ ಚಿಕ್ಕಮ್ಮ. ಅಮ್ಮನ ಬಣ್ಣಕ್ಕೆ ಅದೇ ಒಪ್ಪುತ್ತೆ."

"ಒಪ್ಪುತ್ತಾ? ಗೋಣಿಚೀಲ ಕಣೇ ಅದು. ನಿಮ್ಮಮ್ಮ ಏನು ಆಲೂಗಡ್ಡೇನಾ?"

"ನಿಮ್ಮ ಕಾಲಿಗೆ ಬೀಳ್ತೀನಿ ಚಿಕ್ಕಮ್ಮ. ಅದನ್ನೇ ಹಾಕಿ. ನೀವು ಬೇಕಾದ್ರೆ ಆಚೆ ಕೂತಿರಿ, ನಾನೇ ಹಾಕ್ತೀನಿ."

ನಾನು ಆಚೆ ಕೂರುವವಳಲ್ಲ. ಹೊದಿಕೆ ಎಳೆದೆ.

ಎರಡೂ ಪಾದದ ಗಂಟುಗಳ ಮೇಲೆ ಕಪ್ಪು ನೀಲಿ ಪಟ್ಟಿ, ಮೂರು ಬೆರಳಗಲ. ಹಿಂದೆ, ಏನನ್ನೋ ಬಿಗಿದು ಕಟ್ಟಿದಂತಿದ್ದ ಜಾಗದಲ್ಲಿ, ಚರ್ಮ ಕಿತ್ತು ಒಣಗಿತ್ತು. ಡಾಕ್ಟರು ಹೃದಯ ನಿಂತಿತು ಎಂದು ಬರೆದು ಹೋಗಿದ್ದರು. ಹೃದಯಕ್ಕೂ ಈ ಗಾಯಕ್ಕೂ ಸಂಬಂಧ ಇರಲಿಕ್ಕಿಲ್ಲ.

"ಏನೇ ಇದು?"

ಲೊರೆದಾನಾ ಗೋಡೆ ನೋಡಿದಳು. "ಅಮ್ಮ ಮರೆವಲ್ಲಿ ಒಲೆ ಹಚ್ಚಿಟ್ಟು ಬೀದಿಗೆ ಹೋಗಿಬಿಡೋಳು. ಎರಡು ಸಲ ಟ್ರಾಮ್ ಹಳಿ ಮೇಲೆ ಸಿಕ್ಕಿದಾಳೆ. ನಾನು ಕೆಲಸಕ್ಕೆ ಹೋಗೋ ಹೊತ್ತಲ್ಲಿ ಮಾತ್ರ... ಕುರ್ಚಿಗೆ."

"ಹೆತ್ತ ತಾಯೀನ ಕಟ್ಟಿಹಾಕಿದ್ಯಾ? ನಾಯಿ ಥರ?" ನನ್ನ ಕೈ ಎದ್ದೇಬಿಟ್ಟಿತ್ತು. "ವೆಲಾರಾನೇ ಹಾಕ್ತೀನಿ. ನೋಡ್ಲಿ ಊರಿನವರೆಲ್ಲ. ಪಾದ್ರೀನೂ ಕರೆದು ತೋರಿಸ್ತೀನಿ."

ಅವಳು ಹಿಂದೆ ಸರಿಯಲಿಲ್ಲ. ಸುಮ್ಮನೆ ಹೇಳಿದಳು: "ಹಗ್ಗದಲ್ಲಿ ಕಟ್ಟಲಿಲ್ಲ ಚಿಕ್ಕಮ್ಮ. ಟೈಟ್ಸ್‌ನಲ್ಲಿ. ನೀವೇ ಕೊಟ್ರಲ್ಲ."

ನೆನಪಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ, ನನ್ನ ಹಿತ್ತಿಲು. ನಾನು ಟೊಮೆಟೊ ಗಿಡಗಳನ್ನು ಕೋಲಿಗೆ ಕಟ್ಟುತ್ತಿದ್ದೆ. ನಮ್ಮವರ ಹಿತ್ತಿಲಲ್ಲೆಲ್ಲ ಹಳೆಯ ಟೈಟ್ಸ್‌ನಲ್ಲೇ ಕಟ್ಟುವುದು. ಹಿಗ್ಗುತ್ತದೆ, ದಂಟು ಕೊಯ್ಯುವುದಿಲ್ಲ. ಲೊರೆದಾನಾ ಬೇಲಿಯ ಹತ್ತಿರ ನಿಂತು ಅತ್ತಳು, ಅಮ್ಮನನ್ನು ಹಿಡಿದಿಡಲು ಆಗುತ್ತಿಲ್ಲ ಎಂದಳು. ನಾನು ಬಕೆಟ್ಟಿನಿಂದ ಒಂದು ಹಿಡಿ ತೆಗೆದು ಅವಳ ಕೈಗಿಟ್ಟೆ. "ತಗೋ, ಕಟ್ಟಿಹಾಕು ಅವಳನ್ನೂ. ಟೊಮೆಟೊಗೇ ನೋಯಲ್ಲ, ಆ ಗಟ್ಟಿಗಿತ್ತಿಗೇನು ನೋವು?" ಎಂದು ನಕ್ಕಿದ್ದೆ. ಅವಳು ನಗಲಿಲ್ಲ. ನಾನು ಮತ್ತೆ ಗಿಡಕ್ಕೆ ಬಗ್ಗಿದೆ.

ಅವರ ಮನೆ ನನ್ನ ಮನೆಯಿಂದ ನಾಲ್ಕನೆಯದು. ಒಮ್ಮೆ ನೊರೀನಾ ನನ್ನ ಮುಖ ನೋಡಿ "ಯಾರಮ್ಮ ನೀನು?" ಎಂದು ಕೇಳಿದಳು. ಆಮೇಲೆ ನಾನು ಆ ಹೊಸ್ತಿಲು ದಾಟಿರಲಿಲ್ಲ. ನೋಡಲಾಗಲಿಲ್ಲ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ನೋಡಲಾಗದಿದ್ದದ್ದು ನನಗೆ, ಒಂಬತ್ತು ವರ್ಷ ದಿನಾ ನೋಡಿದವಳು ಈ ಹುಡುಗಿ.

ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಮಿರೆಲ್ ಪ್ಯಾಕೆಟ್ ಎತ್ತಿಕೊಂಡೆ.

"ಕಾಲು ಹಿಡ್ಕೊ," ಎಂದೆ.

ತಣ್ಣಗಿನ ಕಾಲಿಗೆ ತೊಡಿಸುವುದು ಸುಲಭವಲ್ಲ. ಇಬ್ಬರೂ ಬೆವತೆವು. ಹಳದಿ ದೀಪದಲ್ಲಿ ಪಟ್ಟಿ ಮಾಯವಾಗಿತ್ತು, ಲೊರೆದಾನಾ ಉಸಿರು ಬಿಟ್ಟಳು. ನಾನು ಹೋಗಿ ಪರದೆ ಸರಿಸಿದೆ. ಬಿಸಿಲು ಬಿದ್ದದ್ದೇ ಎರಡೂ ಕಾಲಿನ ಪಟ್ಟಿಗಳು ಉಂಗುರದಂತೆ ಎದ್ದು ಕಂಡವು.

"ಅಯ್ಯೋ ಚಿಕ್ಕಮ್ಮ."

"ಅಳಬೇಡ. ಆ ವೆಲಾರಾ ಕೊಡು."

ಮಿರೆಲ್ ಮೇಲೆ ವೆಲಾರಾ ಎಳೆದೆ. ಮತ್ತೆ ಬಿಸಿಲಿಗೆ ನೋಡಿದೆ. ಈಗ ಏನೂ ಕಾಣಲಿಲ್ಲ.

ಇಗರ್ಜಿಯ ಹೊರಗೆ ಮೂವತ್ತೆಂಟು ಡಿಗ್ರಿ ಇತ್ತು. ಮಿಲ್ಲಿನವರಲ್ಲಿ ಇನ್ನೂ ಬದುಕಿರುವ ಐದಾರು ಹೆಂಗಸರು ಬಂದಿದ್ದರು. ಬಣ್ಣದ ವಿಭಾಗದಲ್ಲಿದ್ದ ಇನೆಸ್‌ಗೆ ಈಗ ಎಂಬತ್ತನಾಲ್ಕು. ಕೋಲೂರಿಕೊಂಡು ಬಂದು ನೊರೀನಾಳ ಮುಖ ಒಂದು ಗಳಿಗೆ ನೋಡಿದಳು, ಕಾಲನ್ನು ತುಂಬ ಹೊತ್ತು ನೋಡಿದಳು. ಲೊರೆದಾನಾ ನನ್ನ ಪಕ್ಕದಲ್ಲೇ ನಿಂತಿದ್ದಳು.

"ಎರಡು ಜೊತೆ," ಎಂದಳು ಇನೆಸ್ ಮೆಲ್ಲಗೆ. "ಈ ಸೆಕೇಲಿ ಎರಡು ಜೊತೆ ಯಾಕೆ ಹಾಕಿದೀಯೇ?"

"ಕಾಲಿಗೆ ಚಳಿ ಅನ್ನೋಳು. ಕೊನೆಕೊನೆಗೆ ತುಂಬ," ಎಂದೆ ನಾನು.

"ನೀನು ನೋಡಿದ್ಯಾ?"

"ದಿನಾ ಹೋಗ್ತಿದ್ದೆನಲ್ಲ," ಎಂದೆ. ಪೆಟ್ಟಿಗೆಯ ಅಂಚು ಹಿಡಿದುಕೊಂಡು ಹೇಳಿದೆ.

ಇನೆಸ್ ನನ್ನನ್ನೇ ನೋಡಿದಳು. "ನಾನಾಗಿದ್ರೆ ಪಾಸ್ ಮಾಡ್ತಿರಲಿಲ್ಲ," ಎಂದು ಮುಂದೆ ನಡೆದಳು.

ಮಣ್ಣು ಮಾಡಿ ಬಂದು, ಕಪ್ಪು ಬಟ್ಟೆಯಲ್ಲೇ ಕತ್ತರಿ ಹಿಡಿದು ಹಿತ್ತಿಲಿಗೆ ಹೋದೆ. ಮೊದಲ ಗಿಡದ ಕಟ್ಟು ಕತ್ತರಿಸಿದೆ. ದಂಟಿನ ಸುತ್ತ ಬೆರಳಗಲ ತಗ್ಗು ಬಿದ್ದು, ಹಸಿರು ಹೋಗಿ ಕಂದಾಗಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಐವತ್ತು ವರ್ಷದಿಂದ ಬೀದಿಯವರಿಗೆಲ್ಲ ಟೈಟ್ಸ್‌ನಲ್ಲಿ ಕಟ್ಟಿದರೆ ಗಾಯವಾಗುವುದಿಲ್ಲ ಎಂದು ಹೇಳಿಕೊಟ್ಟವಳು ನಾನು. ಬೆಳೆ ಮುಗಿದ ಮೇಲೆ ಗಿಡವನ್ನು ಕಟ್ಟಿನ ಸಮೇತ ಕಿತ್ತೆಸೆಯುತ್ತಿದ್ದೆ, ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಬೆಳಕಿರುವಾಗಲೇ ಎಲ್ಲ ಕಟ್ಟುಗಳನ್ನೂ ಕತ್ತರಿಸಿದೆ. ಹಿಡಿದಿಡುವುದು ಏನೂ ಇಲ್ಲದೆ ಗಿಡಗಳು ಒಂದೊಂದಾಗಿ ಕಾಯಿ ಸಮೇತ ನೆಲಕ್ಕೆ ಬಿದ್ದವು.